ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಗೇರ್ ಬಾಕ್ಸಿಗೆ ಬಿಸಿ ಏರದಂತೆ



ಹೊಸಕೋಟೆಯಿಂದ ಹಳೇ ಮದ್ರಾಸು ರಸ್ತೆ ಹಿಡಿದು ಕೃಷ್ಣರಾಜಪುರದ ಕಡೆಗೆ ಬಂದರೆ ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ಕಣ್ಣಿಗೆ ಬೀಳುತ್ತವೆ. ಒಂದರ ಹಿಂದೆ ಹುಲ್ಲು, ಒಂದರ ಹಿಂದೆ ಇಟ್ಟಿಗೆ, ಇನ್ನೊಂದರ ಹಿಂದೆ ನೀರಿನ ಟ್ಯಾಂಕು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವ ಬಂದಾಗ, ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಬೇಕಾಯಿತು. ಹೊಲದಲ್ಲಿ ಕೆಲಸವಿಲ್ಲದ ಬಿರುಬಿಸಿಲಿನ ಆ ತಿಂಗಳುಗಳಲ್ಲೇ ಟ್ರ್ಯಾಕ್ಟರು ರಸ್ತೆಯ ಮೇಲೆ ಹೆಚ್ಚು ದುಡಿಯುತ್ತದೆ. ಗೇರ್ ಬಾಕ್ಸು ಕೆಡುವುದೂ ಹೆಚ್ಚಾಗಿ ಆಗಲೇ.

ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. 5,000 ಲೀಟರಿನ ಟ್ಯಾಂಕು ತುಂಬಿದರೆ ನೀರೇ 5 ಟನ್ನು. ಕಬ್ಬಿಣದ ತೂಕ ಬೇರೆ. ಇಷ್ಟನ್ನು ಎಳೆಯುವಾಗ ಹಲ್ಲುಚಕ್ರಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುವುದು ಸಹಜ. ಆ ಬಿಸಿ ಮಿತಿಯಲ್ಲಿರಬೇಕು, ಅಷ್ಟೆ.

ಮೊದಲನೆಯ ಮಾತು ಕ್ಲಚ್ಚಿನದು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟು ಉಂಟು. ಪೆಡಲನ್ನು ಪೂರ್ತಿ ತುಳಿದರೆ ಎರಡೂ ಬೇರೆಯಾಗುತ್ತವೆ. ಪೂರ್ತಿ ಬಿಟ್ಟರೆ ಒಂದಾಗುತ್ತವೆ. ಅರ್ಧ ತುಳಿದರೆ ಮಾತ್ರ ಪ್ಲೇಟು ಜಾರುತ್ತಾ ಉಜ್ಜುತ್ತದೆ. ಎರಡು ಅಂಗೈ ಉಜ್ಜಿ ನೋಡಿ, ಗೊತ್ತಾಗುತ್ತೆ. ಟಿನ್ ಫ್ಯಾಕ್ಟರಿಯ ಹತ್ತಿರ ಗಾಡಿಗಳು ಒತ್ತಾಗಿ ನಿಂತಾಗ, ಅರ್ಧ ಕ್ಲಚ್ಚಿನಲ್ಲಿ ಗೇಣುಗೇಣಾಗಿ ಸರಿಯುವವರೇ ಬಹಳ. ಹಾಗೆ ಮಾಡಬೇಡಿ. ಗೇರು ತೆಗೆದು, ಬ್ರೇಕು ಹಿಡಿದು ನಿಲ್ಲಿ. ಮುಂದೆ ಸಾಕಷ್ಟು ಜಾಗ ಬಿದ್ದಮೇಲೆ ಮೊದಲ ಗೇರಿನಲ್ಲಿ ಹೊರಡಿ, ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆಯಿರಿ. ಏರಿನಲ್ಲಿ ನಿಲ್ಲುವಾಗಲೂ ಗಾಡಿಯನ್ನು ಬ್ರೇಕಿನಿಂದ ಹಿಡಿಯಬೇಕೇ ಹೊರತು ಕ್ಲಚ್ಚಿನಿಂದ ಅಲ್ಲ.

ಏರಿನಲ್ಲಿ ಎಂಜಿನ್ನಿನ ಸದ್ದು ಏರಿ ಓಟ ಮಾತ್ರ ಏರದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲೇಟು ಜಾರುತ್ತಿದೆ ಎಂದು ತಿಳಿಯಿರಿ. ಕೂಡಲೇ ಮೆಕ್ಯಾನಿಕ್ಕಿಗೆ ತೋರಿಸಿ. ತಡಮಾಡಿದರೆ ಪ್ಲೇಟು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕಾಗುತ್ತದೆ. ಖರ್ಚು ಒಂದು ಕಡೆ, ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರು ಷೆಡ್ಡಿನಲ್ಲಿ ಕೂತರೆ ಆಗುವ ನಷ್ಟ ಇನ್ನೊಂದು ಕಡೆ.

ಎರಡನೆಯದು ಎಣ್ಣೆ. ಕೀಲೆಣ್ಣೆ ಇಲ್ಲದ ಎತ್ತಿನ ಗಾಡಿ ಕಿರುಗುಟ್ಟಿ ತಾನೇ ಹೇಳುತ್ತದೆ; ಗೇರ್ ಬಾಕ್ಸು ಹೇಳುವ ಹೊತ್ತಿಗೆ ಹಲ್ಲು ಸವೆದಿರುತ್ತದೆ. ಆದ್ದರಿಂದ ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳತೆ ಕಡ್ಡಿ ತೆಗೆದು ನೋಡಿ. ಎಣ್ಣೆ ಕಡಿಮೆಯಾದರೆ ಬಿಸಿ ಹೊರುವುದಕ್ಕೇ ಏನೂ ಇರುವುದಿಲ್ಲ. ಗುರುತು ಮೀರಿ ತುಂಬಿದರೂ ಕಡೆದಂತಾಗಿ ನೊರೆಯೆದ್ದು ಬಿಸಿ ಏರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಸತ್ವ ಹೋಗಿದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಹೈಡ್ರಾಲಿಕ್ ಲಿಫ್ಟಿಗೂ ಒಂದೇ ಎಣ್ಣೆ. ಕಂಪನಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ, ಅಗ್ಗವೆಂದು ಬೇರೆಯದನ್ನು ಸುರಿಯಬೇಡಿ. ಎಷ್ಟು ಗಂಟೆ ಓಡಿದಾಗ ಬದಲಿಸಿದ್ದು ಎಂಬುದನ್ನು ಮನೆಯಲ್ಲಿ ಓದು ಬಲ್ಲ ಮಕ್ಕಳ ಕೈಯಲ್ಲಿ ಬರೆಸಿಡಿ.

"ರೇಡಿಯೇಟರಿನಲ್ಲಿ ನೀರಿದೆಯಲ್ಲ ಸ್ವಾಮಿ, ಸಾಲದೆ?" ಎಂದು ಕೇಳಬಹುದು. ಆ ನೀರು ತಂಪು ಮಾಡುವುದು ಎಂಜಿನ್ನನ್ನು. ಗೇರ್ ಬಾಕ್ಸು ಸಾಮಾನ್ಯವಾಗಿ ತನ್ನ ಕಬ್ಬಿಣದ ಮೈಗೆ ತಾಗುವ ಗಾಳಿಯಿಂದಲೇ ತಣಿಯಬೇಕು. ಮೈತುಂಬ ಕೆಸರು, ಜಿಡ್ಡು ಕೂತಿದ್ದರೆ ಬೇಸಿಗೆಯಲ್ಲಿ ಕಂಬಳಿ ಹೊದಿಸಿದ ಹಾಗೆ. ಎಂಜಿನ್ ತಣ್ಣಗಿರುವಾಗ ಅದನ್ನು ಕೆರೆದು ತೊಳೆಯಿರಿ.

ಮೂರನೆಯದು ಓಡಿಸುವ ರೀತಿ. ಏರು ಬರುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸುವ ಆಸೆಗೆ ಗೇರು ತೆಗೆಯುವುದು ಪ್ರಾಣಕ್ಕೇ ಅಪಾಯ. ಹಿಂದಿನ ಭಾರ ನೂಕುತ್ತದೆ, ಬ್ರೇಕು ಕಾದು ಹಿಡಿತ ಬಿಡುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಾದರೆ ಆ ಕಾವೂ ಅದೇ ಎಣ್ಣೆಗೇ ಸೇರುತ್ತದೆ. ಕೆಳಗಿನ ಗೇರಿನಲ್ಲೇ ಇಳಿಯಿರಿ. ರಸ್ತೆಯಲ್ಲಿ ಎರಡು ಬ್ರೇಕ್ ಪೆಡಲುಗಳನ್ನೂ ಕೊಂಡಿ ಹಾಕಿ ಒಂದು ಮಾಡಿರಬೇಕು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತುಳುಕಾಡಿ ಗಾಡಿಯನ್ನು ಜಗ್ಗುತ್ತದೆ, ಅಲ್ಲಿ ಇನ್ನೂ ನಿಧಾನ ಬೇಕು.

ಕಡೆಯದಾಗಿ ಟ್ರೇಲರು. ಗಾಲಿಯಲ್ಲಿ ಗಾಳಿ ಕಡಿಮೆಯಾದರೂ, ಬೇರಿಂಗಿನಲ್ಲಿ ಗ್ರೀಸು ಒಣಗಿದರೂ, ಎಳೆತ ಭಾರವಾಗಿ ಆ ದುಡಿತವೆಲ್ಲ ಗೇರ್ ಬಾಕ್ಸಿನ ಮೇಲೆ ಬೀಳುತ್ತದೆ. ಒಂದು ದಾರಿ ಹೆಚ್ಚಾದರೂ ಸರಿ, ಹೊರೆ ಮಿತಿಯಲ್ಲಿರಲಿ.

ಅಕಸ್ಮಾತ್ ಬಿಸಿಯೇರಿತೆನ್ನಿ. ರಸ್ತೆಯ ಅಂಚಿಗೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ತಾನಾಗಿ ತಣಿಯಲು ಬಿಡಿ. ಕಾದ ಕಬ್ಬಿಣದ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಟ್ಟೀತು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಲೇಬೇಡಿ, ಮುಖಕ್ಕೆ ಹಬೆ ಹೊಡೆದೀತು.

ದಣಿದ ಎತ್ತು ನೊರೆ ಕಾರಿದರೆ ನಾವು ನೊಗ ಇಳಿಸುತ್ತೇವೆ. ಟ್ರ್ಯಾಕ್ಟರಿಗೆ ಬಾಯಿಲ್ಲ, ಅದರ ದಣಿವನ್ನು ಓಡಿಸುವವರೇ ಅರಿಯಬೇಕು. ನಾಳೆ ಬೆಳಿಗ್ಗೆ ಟ್ರೇಲರು ಕಟ್ಟುವ ಮುನ್ನ ಒಮ್ಮೆ ಆ ಅಳತೆ ಕಡ್ಡಿಯನ್ನು ತೆಗೆದು ನೋಡಿ.