ಗಾಳ ಹಾಕಿ ಕುಳಿತ ಒಂದು ದಿನ



ಹುಲಿ ಕರಡಿಗಳ ಬೇಟೆಯ ಕಥೆಯನ್ನು ಹೇಳುವವನಿಗೆ ಕೇಳುವವರ ಕೊರತೆಯಿಲ್ಲ. ಗಾಳ ಹಾಕಿ ಕುಳಿತವನ ಕಥೆಯಲ್ಲಿಯಾದರೋ ನಡೆದದ್ದು ಸ್ವಲ್ಪ, ನಡೆಯದಿದ್ದದ್ದೇ ಬಹಳ. ಆದಾಗ್ಯೂ ಅಂತಹ ಒಂದು ದಿನದ ವಿಚಾರವನ್ನೇ ಈ ಸಂಜೆ ತಮ್ಮ ಮುಂದೆ ಪ್ರಸ್ತಾಪಿಸಲು ಅಪೇಕ್ಷಿಸುತ್ತೇನೆ.

ಗಾಳದ ವಿನೋದವು ಆಂಗ್ಲರಿಂದ ನಮಗೆ ಬಂದಿತೆಂಬುದು ವಿದ್ಯಾವಂತರಲ್ಲಿ ಅನೇಕರ ಭಾವನೆ. ಐಸಾಕ್ ವಾಲ್ಟನ್ನನು 1653ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿ ನಾನೂ ಹಾಗೆಯೇ ನಂಬಿದ್ದೆನು. ಆದರೆ ಅದಕ್ಕೆ ಐದು ಶತಮಾನಗಳ ಮೊದಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟು, ಮೀನಿನ ಜಾತಿಗಳನ್ನೂ, ಅವಕ್ಕೆ ಹಾಕತಕ್ಕ ಮೇವನ್ನೂ, ಗಾಳದಿಂದ ಹಿಡಿಯುವ ಕ್ರಮವನ್ನೂ ವಿವರಿಸಿದ್ದಾನೆ. ಕೋಲು ಹಿಡಿದು ಕೆರೆಯ ಕಡೆಗೆ ಹೊರಡಲು ನನಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿರಲಿಲ್ಲ.

ನಾನು ಹೋದದ್ದು ಕ್ಯಾತಗಾನಚೆರ್ಲಿನ ಕಡೆಗೆ. ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಆ ಸೀಮೆಯಲ್ಲಿ, ಈ ಊರಿನ ಹೆಸರಿನ ಕೊನೆಯಲ್ಲಿ ಕೆರೆ ಎಂಬರ್ಥದ ‘ಚೆರುವು’ ಶಬ್ದದ ಧ್ವನಿ ಕೇಳಿಬರುತ್ತದೆ. ಮಳೆ ಅಲ್ಲಿ ಅಪರೂಪದ ಅತಿಥಿ. ಮುಂಗಾರು ಕೈಬಿಟ್ಟ ವರ್ಷ ಜನರೆಲ್ಲರೂ ಆಶ್ವಯುಜದ ಆಕಾಶವನ್ನು ನೋಡುತ್ತಾರೆ. ಆ ವರ್ಷ ಹಿಂಗಾರು ಮಾತು ಉಳಿಸಿಕೊಂಡು, ಬಹುಕಾಲ ಬರಿದಾಗಿದ್ದ ಕೆರೆಗೆ ನೀರು ಬಂದಿತ್ತು.

ಕೆರೆ ಸಾರ್ವಜನಿಕವಾದರೂ ಮೀನಿನ ಹಕ್ಕು ಗುತ್ತಿಗೆಗೆ ಹೋಗುವುದುಂಟು. ಆದುದರಿಂದ ಗುತ್ತಿಗೆದಾರರ ಅನುಮತಿಯನ್ನು ಪಡೆದು, ಬೆಳಗಿನ ಏಳು ಗಂಟೆಗೆ ತೂಬಿನ ಬಳಿ ಕುಳಿತೆನು. ನೀರಿನ ಮೇಲೆ ಬೆಂಡು ನಿಂತಿತು, ನಿಂತೇ ಇತ್ತು. ಹತ್ತಾಯಿತು, ಹನ್ನೆರಡಾಯಿತು. ಬುತ್ತಿ ಬಿಚ್ಚಿ ಉಂಡದ್ದೂ ಆಯಿತು. ಏರಿಯ ಮೇಲೆ ಕುರಿ ಕಾಯುತ್ತಿದ್ದ ವೃದ್ಧನೊಬ್ಬನು ಆಗಾಗ ಬಂದು, ನನ್ನ ಬರಿಯ ಚೀಲವನ್ನು ನೋಡಿ, ಏನೂ ಹೇಳದೆ ಹೋಗುತ್ತಿದ್ದನು.

ನಾನು ಕಾದಿದ್ದದ್ದು ಕೊರವ ಮೀನಿಗೆ. ಅಮೆರಿಕದ ಸರೋವರಗಳಲ್ಲಿ ಬ್ಯಾಸ್ ಎಂಬ ಮೀನಿಗೆ ಯಾವ ಮನ್ನಣೆಯುಂಟೋ ನಮ್ಮ ಕೆರೆಗಳಲ್ಲಿ ಇದಕ್ಕೆ ಅದೇ ಮನ್ನಣೆ. ಜೊಂಡಿನ ಮರೆಯಲ್ಲಿ ಹೊಂಚಿ ನಿಂತು ಕಪ್ಪೆಗಳ ಮೇಲೆಯೂ ಸಣ್ಣ ಮೀನುಗಳ ಮೇಲೆಯೂ ಎರಗುವುದು ಇದರ ಸ್ವಭಾವ. ಕಿವಿರುಗಳ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೂ ಇದರ ತಲೆಯಲ್ಲಿರುವುದರಿಂದ, ಕೆರೆ ಬತ್ತಿದಾಗ ತೇವದ ಕೆಸರಿನಲ್ಲಿ ಹುದುಗಿ ಮುಂದಿನ ಮಳೆಯವರೆಗೂ ಜೀವ ಹಿಡಿದಿರಬಲ್ಲುದು. ಬರಗಾಲದ ಸೀಮೆಗೆ ಇದಕ್ಕಿಂತ ತಕ್ಕ ಮೀನು ಇನ್ನಾವುದು?

ನಾಲ್ಕು ಗಂಟೆಯ ಸುಮಾರಿಗೆ ಜೊಂಡಿನ ಅಂಚಿನಲ್ಲಿ ‘ಗುಳುಕ್’ ಎಂದು ಸದ್ದಾಯಿತು. ಉಸಿರಿಗಾಗಿ ದೊಡ್ಡ ಕೊರವ ಮೇಲೆದ್ದಿತ್ತು. ಅದರ ಪಕ್ಕದಲ್ಲಿಯೇ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಏನೋ ಕದಲುತ್ತಿತ್ತು. ದಿನವಿಡೀ ಕಾದವನಿಗೆ ಅದನ್ನು ವಿಚಾರಿಸುವ ತಾಳ್ಮೆಯೆಲ್ಲಿ? ಗಾಳಕ್ಕೆ ಹೊಸ ಎರೆ ಸಿಕ್ಕಿಸಿ ಕೋಲನ್ನು ಎತ್ತಿದೆನು.

“ಬ್ಯಾಡಿ ಸ್ವಾಮಿ!” ಎಂದು ಹಿಂದಿನಿಂದ ಕೂಗು ಬಂತು. “ಆ ಕೆಂಪಗಿರೋದೆಲ್ಲ ಮರಿಗಳು. ತಾಯಿ ತಂದೆ ಕೆಳಗೆ ಕಾವಲಿದ್ದಾವೆ. ಈಗ ಎರೆ ಬಿಟ್ರೆ ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತೆ.”

“ಹಿಡಿದರೆ ಏನಾಗುತ್ತದೆ, ತಾತ?”

“ಏನಾಗೋದು? ಕತ್ತಲಾಗೋದರೊಳಗೆ ಮಿಕ್ಕ ಮೀನುಗಳು ಮರೀನೆಲ್ಲ ತಿಂದು ಮುಗಿಸ್ತಾವೆ. ಎಷ್ಟೋ ವರ್ಷಕ್ಕೆ ನೀರು ಬಂದೈತೆ, ಸ್ವಾಮಿ.”

ಕೊರವವು ಮರಿಗಳನ್ನು ಕಾಯುತ್ತದೆಂದು ನಾನು ಪುಸ್ತಕದಲ್ಲಿ ಓದಿರದೆ ಇರಲಿಲ್ಲ. ಓದಿದ್ದು ಆ ಕ್ಷಣದಲ್ಲಿ ಕೈಯನ್ನು ತಡೆಯಲಿಲ್ಲ. ಮುದುಕನ ಕೂಗು ತಡೆಯಿತು. ನಾಚಿಕೆಯಿಂದ ಕೋಲನ್ನು ಕೆಳಗಿಟ್ಟೆನು. ಇಬ್ಬರೂ ಏರಿಯ ಮೇಲೆ ಕುಳಿತು ನೋಡಿದೆವು. ಕೆಂಪು ಹಿಂಡು ಒಮ್ಮೆ ಹರಡುತ್ತಿತ್ತು, ಒಮ್ಮೆ ಕೂಡುತ್ತಿತ್ತು. ಅದರಡಿಯಲ್ಲಿ ಎರಡು ಕಪ್ಪು ನೆರಳುಗಳು ಸುತ್ತುತ್ತಿದ್ದುವು. ಹೊತ್ತು ಮುಳುಗುವವರೆಗೂ ನಾವು ಮಾತನಾಡಲಿಲ್ಲ.

ಮನೆಗೆ ಬಂದಾಗ, “ಎಷ್ಟು ಮೀನು?” ಎಂದು ಕೇಳಿದರು. “ಎಣಿಸಲಾಗಲಿಲ್ಲ, ಕೆರೆಯಲ್ಲಿಯೇ ಬಿಟ್ಟು ಬಂದೆ” ಎಂದೆನು. ಯಾರೂ ನಂಬಲಿಲ್ಲ. ಗಾಳ ಹಾಕುವವರ ಮಾತನ್ನು ನಂಬದಿರುವುದು ಲೋಕದ ಹಳೆಯ ವಾಡಿಕೆ; ಆದರೆ ಆ ದಿನ ನಾನು ಹೇಳಿದುದು ನಿಜವಾಗಿತ್ತು.