ಯಾರಿಗೂ ಹೇಳಬೇಡಿ ಎನ್ನುವ ಮನೆಗಳಿಗೆ

ಸ್ಕಿಜೋಫ್ರೀನಿಯಾ ಬಗ್ಗೆ ನನಗೆ ಬರೆಯುವವರು ಆ ಕಾಯಿಲೆ ಏನು ಎಂದು ಕೇಳುವುದಿಲ್ಲ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಲ್ಲ ಅವರಿಗೆ ಬಾಯಿಪಾಠ. ಅವರು ಕೇಳುವುದು ಬೇರೆ. "ಡಾಕ್ಟ್ರೇ, ಇದನ್ನು ನೆಂಟರಿಗೆ ಹೇಳಬೇಕೋ, ಮುಚ್ಚಿಡಬೇಕೋ? ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ."

ಊರಿಗೆಲ್ಲ ಡಂಗುರ ಸಾರಿ ಎಂದು ನಾನು ಹೇಳುವುದಿಲ್ಲ. ಆದರೆ ಮುಚ್ಚಿಟ್ಟರೆ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೇನೆ.

ನನ್ನ ಸೋದರಮಾವನಿಗೆ ಈ ಕಾಯಿಲೆ ಇತ್ತು. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದಾಗ, ಯಾರಾದರೂ ಕೇಳಿದರೆ "ಮಾವ ಬೊಂಬಾಯಿಯಲ್ಲಿದ್ದಾರೆ" ಎನ್ನಬೇಕೆಂದು ಮಕ್ಕಳಿಗೆಲ್ಲ ಪಾಠವಾಗಿತ್ತು. ಮಾವ ಇದ್ದದ್ದು ಬಚ್ಚಲಿನ ಪಕ್ಕದ ಹಿತ್ತಿಲ ಕೋಣೆಯಲ್ಲಿ. ನೆಂಟರು ಬಂದ ದಿನ ಅಜ್ಜಿ ಊಟದ ತಟ್ಟೆಗೆ ಸೆರಗು ಮುಚ್ಚಿಕೊಂಡು ಹಿಂಬಾಗಿಲಿನಿಂದ ಒಯ್ಯುತ್ತಿದ್ದಳು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು, ಶನಿವಾರದ ಭಜನೆಯನ್ನೂ ಬಿಟ್ಟಳು. ನಾವು ರಜೆ ಮುಗಿಸಿ ಹೊರಟ ಮೇಲೆ ಆ ಮನೆಯಲ್ಲಿ ಉಳಿಯುತ್ತಿದ್ದವರು ತಾಯಿ ಮಗ ಇಬ್ಬರೇ. "ಏಳೋ, ಸ್ನಾನ ಮಾಡೋ, ನಿನ್ನ ಓರಗೆಯವರು ಎಲ್ಲಿಗೆ ಮುಟ್ಟಿದರು ನೋಡೋ." ಬೆಳಗಿನಿಂದ ರಾತ್ರಿವರೆಗೆ ಇದೇ ಮಾತು.

1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಒಂದು ವಿಚಿತ್ರವನ್ನು ಗಮನಿಸಿದರು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಒಡಹುಟ್ಟಿದವರ ಮನೆಗೋ ಬಾಡಿಗೆ ಕೋಣೆಗೋ ಹೋದವರಿಗಿಂತ, ತಂದೆತಾಯಿಯ ಬಳಿಗೆ ಅಥವಾ ಹೆಂಡತಿಯ ಬಳಿಗೆ ಹೋದವರಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತಿತ್ತು. ಪ್ರೀತಿಗೆ ಅಲ್ಲೇನೂ ಕೊರತೆ ಇರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ಚುಚ್ಚುಮಾತು, ಸಿಡುಕು, ಮತ್ತು ಉಸಿರಾಡಲು ಬಿಡದಷ್ಟು ಕಾಳಜಿ. ನಾನು ಇದನ್ನು ಮನೆಯ ಕಾವು ಎನ್ನುತ್ತೇನೆ. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಇದನ್ನು ಗಂಟೆಯ ಲೆಕ್ಕದಲ್ಲೂ ನೋಡಿದರು. ಇಂಥ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಎದುರುಬದುರಾಗಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು. 35 ಗಂಟೆ ಎಂದರೆ ದಿನಕ್ಕೆ 5 ಗಂಟೆ. ಮುಚ್ಚಿಟ್ಟ ಮನೆಯಲ್ಲಿ ಅದು ದಿನಕ್ಕೆ ಎಷ್ಟಾಗುತ್ತದೆ, ನೀವೇ ಎಣಿಸಿ.

ಹಾಗಾದರೆ ಕಾಯಿಲೆ ಬಂದದ್ದೇ ನಮ್ಮಿಂದ ಎಂದು ಈಗ ಯಾವುದೋ ತಾಯಿ ಕಣ್ಣೊರೆಸಿಕೊಳ್ಳುತ್ತಿರಬಹುದು. ಇಲ್ಲಮ್ಮ. ಕಾಯಿಲೆ ನಿಮ್ಮಿಂದ ಬಂದದ್ದಲ್ಲ. ಸುಟ್ಟ ಕೈಗೆ ಉಗುರುಬೆಚ್ಚಗಿನ ನೀರೂ ಚುರುಗುಟ್ಟುತ್ತದೆ. ಬೇರೆ ಮಕ್ಕಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಮಾತು ಈ ಮಗನಿಗೆ ಸುಡುತ್ತದೆ, ಅಷ್ಟೇ. ಮುಚ್ಚಿಟ್ಟಷ್ಟೂ ಮನೆಗೆ ಬಂದುಹೋಗುವವರು ಕಡಿಮೆಯಾಗುತ್ತಾರೆ. ಬರುವವರಿಲ್ಲದೆ ನೋಡಿಕೊಳ್ಳುವವರು ಒಂಟಿಯಾಗುತ್ತಾರೆ, ದಣಿಯುತ್ತಾರೆ, ದಣಿದವರ ಬಾಯಲ್ಲಿ ಮಾತು ಬಿಸಿಯಾಗುತ್ತದೆ. ನಾಚಿಕೆ ಮನೆಯ ಕಾವನ್ನು ಏರಿಸುವ ದಾರಿ ಇದು.

ಆ ಬಿಸಿ ಮಾತೆಲ್ಲ ಬೀಳುವುದು ಯಾವುದರ ಮೇಲೆ? ಕಿರುಚಾಟದ ಮೇಲಲ್ಲ, ಸುಮ್ಮನೆ ಮಲಗಿರುವುದರ ಮೇಲೆ. ಸ್ನಾನ ಮಾಡುವುದಿಲ್ಲ, ಮಾತಾಡುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಅದು ಸೋಮಾರಿತನವಲ್ಲ, ಕಾಯಿಲೆಯ ಲಕ್ಷಣ. ಮತ್ತೊಮ್ಮೆ ಹೇಳುತ್ತೇನೆ, ಸೋಮಾರಿತನವಲ್ಲ. ಜ್ವರದಲ್ಲಿ ಮೈ ಸುಡುವುದಕ್ಕೆ ಯಾರನ್ನೂ ಬೈಯುವುದಿಲ್ಲವಲ್ಲ. ಮದುವೆ ಮಾಡಿದರೆ ಜವಾಬ್ದಾರಿ ಬಂದು ಸರಿಹೋಗುತ್ತಾನೆ ಎನ್ನುವ ಹಿರಿಯರೂ ಇದ್ದಾರೆ. ಅವರ ಎದುರು ನನಗೆ ತಾಳ್ಮೆ ಉಳಿಯುವುದಿಲ್ಲ. ವಿಷಯ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಆ ಹೆಣ್ಣುಮಗಳೂ ಹಿತ್ತಿಲ ಕೋಣೆ ಸೇರುತ್ತಾಳೆ.

ನಮ್ಮ ದೇಶದಲ್ಲಿ ರೋಗಿಯ ಮನೆಯವರನ್ನು ಬೇರೆ ರೀತಿ ಕಂಡವರಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿಕೊಟ್ಟರು. ಪಕ್ಕದ ಡೇರೆಯವರ ಮಗನಿಗೂ ಇದೇ ಕಾಯಿಲೆ ಎಂದು ಕಣ್ಣಾರೆ ಕಂಡಾಗ ಎಷ್ಟು ನಾಚಿಕೆ ಕರಗಿರಬೇಕು! ಮುಂದೆ ಲಂಡನ್ನಿನ ಅಳತೆಗೋಲನ್ನೇ ಚಂಡೀಗಢಕ್ಕೆ ತಂದು ನೋಡಿದಾಗ, ಕಾವು ಹೆಚ್ಚಿದ್ದ ಮನೆಗಳು ಅಲ್ಲಿ ಲಂಡನ್ನಿಗಿಂತ ಕಡಿಮೆ ಇದ್ದವು. ತಣ್ಣಗೆ ಬಾಳುವ ಶಕ್ತಿ ನಮ್ಮ ಮನೆಗಳಿಗೆ ಇದೆ.

ಕಾಯಿಲೆ ಇರುವವರ ಗಟ್ಟಿತನವನ್ನೂ ನೋಡಿದ್ದೇನೆ. ನನ್ನ ಬಳಿ ಬರುವ ಒಬ್ಬರು ಅಡಿಕೆ ಹಾಳೆಯ ತಟ್ಟೆ ಮಾಡುತ್ತಾರೆ. ಯಾರೂ ಇಲ್ಲದಾಗಲೂ ಕಿವಿಯಲ್ಲಿ ಕೇಳುವ ಮಾತು ಅವರಿಗೆ ಪೂರ್ತಿ ನಿಂತಿಲ್ಲ. "ಪಕ್ಕದ ಮನೇಲಿ ರೇಡಿಯೋ ಹಾಕಿದ ಹಾಗೆ ಸಾರ್. ಅದು ಮಾತಾಡ್ತಿರುತ್ತೆ, ನಾನು ತಟ್ಟೆ ಒತ್ತುತ್ತಿರ್ತೀನಿ" ಎಂದರು.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಚೆನ್ನಾಗಿದ್ದಾರೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಯಾವ ದಿನ ಎಂದು ವಿಚಾರಿಸಿಕೊಳ್ಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರಪಳಿಯಲ್ಲಿ ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಎಲ್ಲರಿಗೂ ಹೇಳಬೇಕಿಲ್ಲ, ನಂಬಿಕೆಯ ಒಬ್ಬರಿಗೆ, ಇಬ್ಬರಿಗೆ ಹೇಳಿ.

ಇನ್ನು, ನಿಮ್ಮ ಅಕ್ಕನ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಂಥ ಕೋಣೆಯೊಂದಿದೆ ಎಂದು ನಿಮಗೆ ಗೊತ್ತಿದ್ದರೆ, ಅವರು ಹೇಳಲಿ ಎಂದು ಕಾಯಬೇಡಿ. ಬರುವ ಭಾನುವಾರ ಹೋಗಿ. ಆ ಹುಡುಗನ ಜೊತೆ ನಾಲ್ಕು ಗಂಟೆ ನೀವು ಕುಳಿತಿರಿ, ಅವನ ತಾಯಿ ಅಷ್ಟು ಹೊತ್ತು ನಿದ್ದೆ ಮಾಡಲಿ.