ಕಂದಾಯ ಬಾಕಿ: ಜಪ್ತಿಗೆ ಮೊದಲು ನಡೆಯಬೇಕಾದ ಕೆಲಸ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಾಠ)



ಮಾರ್ಚ್ ತಿಂಗಳು ಸಮೀಪಿಸಿದೊಡನೆ ಸಭೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಬಾಕಿದಾರರ ಮನೆಯ ಸಾಮಾನು ಜಪ್ತಿ ಮಾಡಿದರೆ ಕಂದಾಯ ತಾನಾಗಿ ಬರುತ್ತದೆ ಎಂದು. ಜಪ್ತಿಯ ಅಧಿಕಾರ ಕಾನೂನಿನಲ್ಲಿ ಉಂಟು. ಆದರೆ ಅದು ಕೊನೆಯ ಮೆಟ್ಟಿಲು. ಕೆಳಗಿನ ಮೆಟ್ಟಿಲುಗಳನ್ನು ಏರದೆ ಅಲ್ಲಿಗೆ ಕಾಲಿಡಲಾಗದು.

ಸಂವಿಧಾನದ 243ಎಚ್ ಅನುಚ್ಛೇದದ ಆಶಯದಂತೆ, ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣವು ಕಟ್ಟಡಗಳ ಮೇಲೂ ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೂ ತೆರಿಗೆ ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯತಿಗೆ ನೀಡಿದೆ. ವಸೂಲಿಗೆ ಮೂರು ಹಂತಗಳಿವೆ. ಮೊದಲನೆಯದು ಬಿಲ್ಲು: ಯಾವ ಸ್ವತ್ತು, ಯಾವ ಅವಧಿ, ಎಷ್ಟು ಮೊತ್ತ ಎಂಬುದು ಅದರಲ್ಲಿ ಸ್ಪಷ್ಟವಿರಬೇಕು. ನಿಗದಿತ ಅವಧಿಯಲ್ಲಿ ಹಣ ಸಲ್ಲದಿದ್ದರೆ ಎರಡನೆಯದಾಗಿ ಬೇಡಿಕೆ ನೋಟೀಸು. ಅದರ ಅವಧಿಯೂ ಮೀರಿದರೆ ಮಾತ್ರ ಚರ ಸ್ವತ್ತಿನ ಜಪ್ತಿ ಮತ್ತು ಮಾರಾಟ. ಬಿಲ್ಲು ಹಾಗೂ ನೋಟೀಸು ತಲುಪಿದ್ದಕ್ಕೆ ಸಹಿಯ ದಾಖಲೆ ಇಲ್ಲವಾದರೆ ಮುಂದಿನ ಕ್ರಮವೆಲ್ಲ ಪ್ರಶ್ನೆಗೆ ಗುರಿಯಾಗುತ್ತದೆ.

ಆದುದರಿಂದ ಮೊದಲು ಪರಿಶೀಲಿಸಬೇಕಾದದ್ದು ಬಾಕಿದಾರನ ಮನೆಯನ್ನಲ್ಲ, ಪಂಚಾಯತಿಯ ಬೇಡಿಕೆ, ವಸೂಲಿ, ಬಾಕಿ ವಹಿಯನ್ನು. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಉಳಿದ ಖಾತೆ, ಅಣ್ಣತಮ್ಮಂದಿರು ಭಾಗವಾದರೂ ಒಂದೇ ಆಗಿರುವ ಲೆಕ್ಕ, ಬಿದ್ದುಹೋದ ಮನೆಗೂ ಮುಂದುವರಿದ ಬೇಡಿಕೆ, ರಸೀದಿ ಇದ್ದೂ ವಹಿಗೆ ಏರದ ಹಣ: ಇಂತಹವನ್ನು ತಿದ್ದದೆ ಜಪ್ತಿಗೆ ಹೊರಟರೆ, ಕಂದಾಯ ಕಟ್ಟಿದವನೇ ಊರೆದುರು ತಲೆತಗ್ಗಿಸಬೇಕಾಗುತ್ತದೆ. ಹೋದ ಮರ್ಯಾದೆಯನ್ನು ಯಾವ ರಸೀದಿಯೂ ಮರಳಿ ಕೊಡದು.

ನ್ಯಾಯಾಲಯದ ಅಮೀನರಿಗೂ ಮಿತಿಯುಂಟು. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 60ನೇ ಪ್ರಕರಣದಂತೆ ಡಿಕ್ರಿಯ ಜಾರಿಯಲ್ಲಿಯೂ ಅಗತ್ಯದ ಉಡುಪು, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಜೀವನೋಪಾಯಕ್ಕೆ ಬೇಕಾದ ಬೇಸಾಯದ ಸಲಕರಣೆ, ದನ ಮತ್ತು ಬೀಜದ ಧಾನ್ಯ, ಧಾರ್ಮಿಕ ರೂಢಿಯಂತೆ ಸ್ತ್ರೀಯು ತೆಗೆಯಬಾರದ ಆಭರಣ ಇವುಗಳನ್ನು ಮುಟ್ಟುವಂತಿಲ್ಲ. ಪಂಚಾಯತಿಯೂ ಈ ಎಚ್ಚರವನ್ನು ಪಾಲಿಸುವುದು ಯುಕ್ತ. ಜಪ್ತಿ ಅನಿವಾರ್ಯವಾದಾಗ ಹಗಲಿನಲ್ಲಿ, ಪಂಚರ ಸಮಕ್ಷಮ ಮಹಜರು ಬರೆದು, ವಸ್ತುಗಳ ಪಟ್ಟಿಯ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಸದಸ್ಯರು ಸ್ವತಃ ಸಾಮಾನಿಗೆ ಕೈ ಹಾಕಕೂಡದು. ಕಂದಾಯ ಬಾಕಿಯೆಂದು ಉದ್ಯೋಗ ಖಾತರಿಯ ಕೂಲಿಯನ್ನು ತಡೆಯುವುದೂ ಸಲ್ಲದು.

ವಸೂಲಿಗೆ ಕಾಲಜ್ಞಾನವೂ ಬೇಕು. ಹಾಸನದ ಕಡೆ ಆಲೂಗಡ್ಡೆ ಕಿತ್ತು ಮಾರಿದ ದಿನಗಳು, ಅರಕಲಗೂಡು ತಾಲ್ಲೂಕಿನಲ್ಲಿ ರಾಮನಾಥಪುರದ ತಂಬಾಕು ಹರಾಜಿನ ಹಣ ಕೈಸೇರುವ ಸಮಯ, ಹೊಳೆನರಸೀಪುರದ ನಾಲಾ ಬಯಲಿನ ಭತ್ತದ ಸುಗ್ಗಿ, ಚನ್ನರಾಯಪಟ್ಟಣದ ಕೊಬ್ಬರಿ ಮಾರಾಟ: ಬಿಲ್ಲು ಆ ವೇಳೆಗೆ ಮನೆ ತಲುಪಿದರೆ ಕಟ್ಟುವವನಿಗೂ ಹಗುರ, ಪಂಚಾಯತಿಗೂ ಲಾಭ. ಗೊಬ್ಬರ, ಬೀಜಕ್ಕೆ ಸಾಲ ಮಾಡುವ ತಿಂಗಳಲ್ಲಿ ಹೋದ ನೋಟೀಸು ಬರಿಗೈಯಲ್ಲೇ ಮರಳುತ್ತದೆ.

ಸದಸ್ಯರು ಮೊದಲು ತಮ್ಮ ಮನೆಯ ಕಂದಾಯ ಕಟ್ಟಲಿ; ಬಳಿಕ ತಮ್ಮ ಕ್ಷೇತ್ರದ ಬಾಕಿ ಪಟ್ಟಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳೊಡನೆ ಕುಳಿತು ನೋಡಲಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಸಿಗುತ್ತದೆ, ಆ ಹಣದಿಂದಲೇ ಬೀದಿದೀಪ ಉರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ ಎಂಬ ನಂಬಿಕೆ ಗ್ರಾಮಸ್ಥರಲ್ಲಿ ಬೇರೂರಿದರೆ ಜಪ್ತಿಯ ಅಧಿಕಾರವು ಕಾಯ್ದೆಯ ಪುಟದಲ್ಲೇ ಉಳಿಯಬಲ್ಲದು.